ಮೂರನೇ ತಿರುವು ಒಣಗಿರಲಿಲ್ಲ

ಮಣ್ಣು ಹಸಿಯಾಗಿತ್ತು. ಮೇಲೆ ಒಣಗಿದ ಬಣ್ಣ, ಒಳಗೆ ಹಸಿ. ಹಾಗೆ ಮಾಡಿದವನು ನಾನು. ಕಾರ್ತಿ ಬಿದ್ದದ್ದು ಆ ಹಸಿಯಿಂದ, ಬೈಕಿನ ಚೈನು ಕಳಚಿದ್ದರಿಂದ ಅಲ್ಲ. ಗೋವಿಂದಣ್ಣ, ನೀವು ಕೂರಿಸಿದ ಚೈನು ಸರಿಯಾಗಿಯೇ ಇತ್ತು. ಹನ್ನೊಂದು ವರ್ಷ ಈ ಮಾತನ್ನು ಬಾಯಲ್ಲಿ ಇಟ್ಟುಕೊಂಡು ನಿಮ್ಮ ಅಂಗಡಿಯಲ್ಲಿ ಕೂತು ಕಾಫಿ ಕುಡಿದೆ.

ಇಲ್ಲಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಕೇಳಿದ್ದರು. “ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದವರು ಇವತ್ತು ರೇಸಿನ ಟ್ರ್ಯಾಕಿಗೆ ಮಣ್ಣು ಹದ ಮಾಡ್ತೀರಿ, ಶಂಕರಣ್ಣ. ಚೆನ್ನೈ ಕನ್ನಡಿಗರಿಗೆ ಇದು ಹೆಮ್ಮೆ ಅಲ್ವಾ? ಬರೀರಿ” ಎಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಬರೆಯುವುದೆಂದರೆ ಹೀಗೆಯೇ ಇರುತ್ತದೆ. ಅಚ್ಚು ಹಾಕುವುದಾದರೆ ಇದನ್ನೇ ಹಾಕಿ. ತಿದ್ದಿ ನಯ ಮಾಡಬೇಡಿ. ನಯ ಮಾಡಿದ್ದರಿಂದಲೇ ಇಷ್ಟೆಲ್ಲ ಆದದ್ದು.

ನನ್ನ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೋರೂರು ದಾಟಿ ಒಳಗೆ ಹೋದರೆ ಒಂದು ಬಯಲಿದೆ. ಅಲ್ಲಿ ವರ್ಷಕ್ಕೆ ಕೆಲವು ಭಾನುವಾರ ಮಣ್ಣಿನ ಟ್ರ್ಯಾಕಿನ ಮೇಲೆ ಬೈಕ್ ರೇಸ್ ನಡೆಯುತ್ತದೆ. ಮೊಟ್ಟೆಯಾಕಾರದ ದಾರಿ, ನಾಲ್ಕು ತಿರುವು. ತಿರುವಿನಲ್ಲಿ ಹುಡುಗರು ಬೈಕನ್ನು ಅಡ್ಡ ಮಲಗಿಸಿ ಜಾರಿಸಿಕೊಂಡು ಹೋಗುತ್ತಾರೆ. ನೋಡುವವರಿಗೆ ಅದು ಬರೀ ಮಣ್ಣು. ಅಲ್ಲ ಸ್ವಾಮಿ — ಅದನ್ನು ತಯಾರು ಮಾಡಬೇಕು. ಕೆಂಪು ಮಣ್ಣಿಗೆ ಕೆರೆಯ ಜೇಡಿ ಎಷ್ಟು, ಮರಳು ಎಷ್ಟು ಎಂಬ ಲೆಕ್ಕ ನನ್ನ ಅಂಗೈಯಲ್ಲಿದೆ. ಬೆಳಗಿನ ಜಾವ ಟ್ಯಾಂಕರಿನಿಂದ ತೆಳ್ಳಗೆ ನೀರು, ಅದು ಇಳಿಯುವ ತನಕ ಕಾಯುವುದು, ಕಬ್ಬಿಣದ ಹಲ್ಲಿನ ಕುಂಟೆಯಿಂದ ಕೆರೆಯುವುದು, ರೋಲರ್ ಹೊಡೆಯುವುದು, ಮತ್ತೆ ನೀರು. ಧೂಳು ಏಳದಿರಲಿ ಎಂದು ನೀರಿಗೆ ಸ್ವಲ್ಪ ಕಾಕಂಬಿ ಸೇರಿಸುತ್ತೇನೆ. ಬೆಲ್ಲದ ಆ ಅಂಟು ಮಣ್ಣಿನ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಚಪ್ಪಲಿ ಬಿಟ್ಟು, ಪ್ರತಿ ತಿರುವಿನಲ್ಲೂ ಹಿಮ್ಮಡಿಯಿಂದ ಜೋರಾಗಿ ಗುದ್ದುವುದು. ಮೇಲಿನ ಪದರ ಒಡೆದು ಕೆಳಗೆ ಹೊಳಪು ಕಂಡರೆ ಒಳಗೆ ಹಸಿ ಇದೆ ಎಂದರ್ಥ. ಅಂಥ ಕಡೆ ಬೈಕು ಹೋದರೆ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟ ಹಾಗೆ.

ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ. ಮಣ್ಣಿನಲ್ಲಿ ನನಗೆ ಕಲಿಸುವವರು ಈ ಊರಿನಲ್ಲಿ ಇಲ್ಲ. ಇದನ್ನು ಜಂಬ ಎಂದುಕೊಂಡರೆ ಎಂದುಕೊಳ್ಳಿ. ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ಯಾರೂ ನನ್ನ ಬೆನ್ನು ಸವರಬಾರದು, ಅದಕ್ಕೇ ಹೇಳಿದೆ. ನನಗೆ ಗೊತ್ತಿತ್ತು.

ನನ್ನನ್ನು ಆ ಬಯಲಿಗೆ ಕರೆದುಕೊಂಡು ಹೋದವರು ನೀವು, ಗೋವಿಂದಣ್ಣ. ಕುಂದಾಪುರದ ಕಡೆಯಿಂದ ಬಂದು ಕೋಡಂಬಾಕ್ಕಂನ ಹೋಟೆಲಿನಲ್ಲಿ ಎಂಟು ವರ್ಷ ಸವೆಸಿದ್ದೆ. ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಕಡೆ ತಿರುಗಿ ಯಾರಿಗೋ ಕನ್ನಡದಲ್ಲಿ ಬೈದದ್ದು ಕೇಳಿ, ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಊಟಕ್ಕೆ ಕೂತಿದ್ದ ನೀವು ನಕ್ಕಿರಿ. “ಬೈಗಳ ಚೆನ್ನಾಗಿದೆ ಕಣಪ್ಪ. ನಮ್ಮಮ್ಮ ಹೋದ ಮೇಲೆ ಇಷ್ಟು ಒಳ್ಳೆ ಕನ್ನಡ ನಾನು ಕೇಳೇ ಇಲ್ಲ” ಎಂದಿರಿ. ನಿಮ್ಮದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ಕನ್ನಡ, ಅರ್ಧ ತಮಿಳು. ರೇಸಿನ ಬೈಕು ರಿಪೇರಿ ಮಾಡುವ ಮೆಕ್ಯಾನಿಕ್ ಎಂದು ಆಮೇಲೆ ಗೊತ್ತಾಯಿತು. ಟ್ರ್ಯಾಕಿಗೆ ನೀರು ಹೊಡೆಯಲು ಒಬ್ಬ ಬೇಕು ಎಂದು ನೀವೇ ಮಾತಾಡಿ ನನ್ನನ್ನು ಸೇರಿಸಿದಿರಿ. ನಾನು ಮಣ್ಣು ಹಿಸುಕಿ ನೋಡುವುದನ್ನು ಕಂಡು ನನಗೆ “ಮಣ್ಣು ಡಾಕ್ಟರ್” ಎಂದು ಹೆಸರಿಟ್ಟವರೂ ನೀವೇ. ಅಂಥವರಿಗೆ —

ಆ ದಿನದ ವಿಷಯ ಹೇಳುತ್ತೇನೆ.

ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ಎದ್ದಿತ್ತು. ನಮ್ಮಲ್ಲಿ ಅದು ಪೂರ್ವದಿಂದ ಬರುತ್ತದೆ. ಮೂರನೇ ತಿರುವು ಪಶ್ಚಿಮದ ತುದಿಗೆ, ಅದರ ಹಿಂದೆಯೇ ಅತಿಥಿಗಳ ಶಾಮಿಯಾನ. ಎದ್ದ ಧೂಳೆಲ್ಲ ನೇರ ಅವರ ತಟ್ಟೆಗೆ. ಬಿಳಿ ಅಂಗಿಯವರು ಎದ್ದು ಕರವಸ್ತ್ರ ಕೊಡವತೊಡಗಿದರು. ಮೈಕಿನಲ್ಲಿ ಮಾತಾಡುತ್ತಿದ್ದವನು ಅದನ್ನು ನೋಡಿ ತಮಾಷೆ ಶುರು ಮಾಡಿದ.

“ಮೂಣಾವದು ಟರ್ನ್‌ಲ ಸಾಂಬಾರ್ ಪೊಡಿ ಪರಕ್ಕುದು ಪಾರುಂಗ! ತಣ್ಣಿ ಲಾರಿ ಅಣ್ಣನ್ ಪಳೈಯ ಹೋಟೆಲ್‌ಕಾರರ್ ಆಚ್ಚೇ!”

ಮೂರನೇ ತಿರುವಿನಲ್ಲಿ ಸಾಂಬಾರ್ ಪುಡಿ ಹಾರುತ್ತಿದೆ ನೋಡಿ, ನೀರಿನ ಲಾರಿಯಣ್ಣ ಹಳೇ ಹೋಟೆಲಿನವನಲ್ಲವೇ — ಎಂದು. ಇಡೀ ಬಯಲು ನಕ್ಕಿತು. ನೀವೂ ಬೈಕಿನ ಪಕ್ಕ ಕೂತು ನಕ್ಕಿರಿ. ನಿಮ್ಮ ನಗುವಿನಲ್ಲಿ ಕೊಂಕು ಇರಲಿಲ್ಲ ಎಂದು ನನಗೆ ಆಗಲೂ ಗೊತ್ತು.

ಕೊನೆಯ ರೇಸಿಗೆ ಅರ್ಧ ಗಂಟೆ ಇತ್ತು. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ತೆಳ್ಳನೆಯ ಸುತ್ತು ನೀರು ಹೊಡೆಯಬಹುದು, ಅದಕ್ಕಿಂತ ಹೆಚ್ಚಲ್ಲ. ಕಡಲಿನ ಗಾಳಿ ಮೇಲಿನ ಪದರವನ್ನು ಬೇಗ ಒಣಗಿಸುತ್ತದೆ, ಒಳಗಿನದನ್ನು ಮುಟ್ಟುವುದಿಲ್ಲ. ಬಣ್ಣ ನೋಡಿ ನಂಬಬಾರದು. ಇದನ್ನು ನಾನೇ ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೆ! ಆದರೂ ಟ್ಯಾಂಕರನ್ನು ಮೂರನೇ ತಿರುವಿಗೆ ತಂದು, ವಾಲ್ವು ಪೂರ್ತಿ ತೆರೆದು, ಹೋಗಿ ಬಂದು ಹೋಗಿ ಬಂದು ಟ್ಯಾಂಕು ಖಾಲಿಯಾಗುವ ತನಕ ಸುರಿದೆ. ಆಮೇಲೆ ರೋಲರಿನಲ್ಲಿ ಮೇಲ್ಮೈಯನ್ನು ನುಣ್ಣಗೆ ಒತ್ತಿಸಿದೆ. ಒಂದು ಚಿಟಿಕೆ ಧೂಳು ಏಳಲಿಲ್ಲ. ಶಾಮಿಯಾನದಿಂದ ಚಪ್ಪಾಳೆ ಬಂತು. ನಾನು ಮೈಕಿನವನ ಕಡೆ ತಿರುಗಿ ಸೊಂಟಕ್ಕೆ ಕೈಯಿಟ್ಟು ನಿಂತೆ.

ಕುಂಟೆ ಹೊಡೆಯಲಿಲ್ಲ. ಹೊಡೆದರೆ ನುಣುಪು ಕೆಡುತ್ತಿತ್ತು. ಹಿಮ್ಮಡಿಯಿಂದ ಗುದ್ದಿ ನೋಡಲೂ ಇಲ್ಲ. ಗುದ್ದಿದರೆ ಹೊಳಪು ಕಾಣುತ್ತದೆ, ಕಂಡರೆ ರೇಸು ನಿಲ್ಲಿಸಿ ಎಂದು ನಾನೇ ಹೇಳಬೇಕಾಗುತ್ತದೆ. ಅಷ್ಟು ಜನರ ಮುಂದೆ. ಆ ಮೈಕಿನ ಮುಂದೆ.

ನಮ್ಮ ಟ್ರ್ಯಾಕಿನಲ್ಲಿ ಒಂದು ಕ್ರಮವಿದೆ. ಪ್ರತಿ ರೇಸಿಗೆ ಮೊದಲು ಓಡಿಸುವ ಹುಡುಗರೆಲ್ಲ ಗುಂಪಾಗಿ ನಿಲ್ಲುತ್ತಾರೆ, ಮಣ್ಣು ನೋಡುವವನು ಬಂದು ಯಾವ ತಿರುವು ಹೇಗಿದೆ ಎಂದು ಹೇಳುತ್ತಾನೆ. ಅವನ ಮಾತಿನ ಮೇಲೆ ಅವರು ಜೀವ ಇಟ್ಟು ಹೋಗುತ್ತಾರೆ. ಅವತ್ತು ಮೂರನೇ ತಿರುವು ಹೇಗಿದೆ ಎಂದು ಕಾರ್ತಿ ಕೇಳಿದ — ನೀವು ತಯಾರು ಮಾಡಿದ ಬೈಕಿನ ಹುಡುಗ, ನಿಮ್ಮನ್ನು ಅಪ್ಪನ ಹಾಗೆ ಹಚ್ಚಿಕೊಂಡಿದ್ದವನು.

“ಅಣ್ಣೇ, ಮೂಣಾವದು ಎಪ್ಪಡಿ?”

“ಕಾಂಜಿಡುಚ್ಚು,” ಎಂದೆ. “ತೈರಿಯಮಾ ಪೋ.”

ಒಣಗಿದೆ. ಧೈರ್ಯವಾಗಿ ಹೋಗು.

ಮೊದಲ ಸುತ್ತು ಮೇಲಿನ ಪದರ ತಡೆದುಕೊಂಡಿತು. ಎರಡನೇ ಸುತ್ತಿನಲ್ಲಿ ಅವನು ಎಲ್ಲರಿಗಿಂತ ಮುಂದಿದ್ದ. ಮೂರನೇ ತಿರುವಿನಲ್ಲಿ ಬೈಕು ಮಲಗಿಸಿದ. ಅದು ಮತ್ತೆ ಏಳಲಿಲ್ಲ. ಹಿಂದಿನ ಚಕ್ರ ಒಮ್ಮೆಲೇ ಹೊರಗೆ ಹಾರಿ, ಹುಡುಗನನ್ನೂ ಎಳೆದುಕೊಂಡು ಹೋಗಿ ಮರಳಿನ ಚೀಲಗಳಿಗೆ ಬಡಿಯಿತು. ಆ ಬಡಿತಕ್ಕೆ ಚೈನು ಕಳಚಿತು. ಇದನ್ನು ನಾನು ಹತ್ತು ಮಾರು ದೂರದಿಂದ ಕಣ್ಣಾರೆ ನೋಡಿದ್ದೇನೆ. ಮೊದಲು ಜಾರಿದ, ಆಮೇಲೆ ಬಡಿಯಿತು, ಆಮೇಲೆ ಚೈನು.

ಎಲ್ಲರೂ ಹುಡುಗನ ಹತ್ತಿರ ಓಡಿದರು. ನಾನು ಓಡಿದ್ದು ಮಣ್ಣಿನ ಹತ್ತಿರ. ಬೈಕು ಜಾರಿದ ಕಡೆ ಮೇಲಿನ ಪದರ ಸಿಪ್ಪೆಯಂತೆ ಕಿತ್ತು ಬಂದಿತ್ತು. ಕೆಳಗೆ ಕಪ್ಪಗೆ, ಒದ್ದೆ ಸ್ಲೇಟಿನ ಹಾಗೆ ಹೊಳೆಯುತ್ತಿತ್ತು. ಟ್ರ್ಯಾಕ್ಟರ್ ತಂದು ಕುಂಟೆ ಇಳಿಸಿದೆ. ಆಗ ಹೊಡೆದೆ ಕುಂಟೆ! ಕೆರೆದು, ಒಣಮಣ್ಣು ಎಳೆದು ಮುಚ್ಚಿದೆ. ಯಾರೂ ಏಕೆಂದು ಕೇಳಲಿಲ್ಲ. ಯಾರಾದರೂ ಬಿದ್ದ ಮೇಲೆ ಆ ಜಾಗ ಸರಿ ಮಾಡುವುದೇ ನನ್ನ ಕೆಲಸ. ಕೆಲಸ ಮಾಡುತ್ತಲೇ ಸಾಕ್ಷಿ ಹೂತುಬಿಟ್ಟೆ.

ಅಷ್ಟರಲ್ಲಿ ಬೈಕಿನ ಸುತ್ತ ಜನ ಸೇರಿದ್ದರು. ಚೈನು ನೇತಾಡುತ್ತಿತ್ತು. ಚೈನು ಕಳಚಿತು, ಅದಕ್ಕೇ ಬಿದ್ದ ಎಂದು ಯಾರೋ ಅಂದರು. ಚೈನು ಸಡಿಲವಾಗದಂತೆ ಹಿಡಿಯುವ ಹಿಂದಿನ ಚಕ್ರದ ನಟ್ಟು ಬಿಗಿ ಮಾಡಿರಲಿಲ್ಲವೇನೋ ಎಂದು ಇನ್ನೊಬ್ಬರು. ನಿಮ್ಮ ಮುಖ ಬೆಳ್ಳಗಾಯಿತು. “ನಾನು ಬಿಗಿ ಮಾಡಿದ್ದೆ” ಎಂದಿರಿ. ಕೈ ನೋಡಿಕೊಂಡಿರಿ. ಮತ್ತೆ ಹೇಳಿದಿರಿ — “ಮಾಡಿದ್ದೆ ಅನ್ಸತ್ತೆ.”

ಆಮೇಲೆ ಆ ಜನರ ನಡುವೆ ನನ್ನನ್ನು ಹುಡುಕಿ, ಕನ್ನಡದಲ್ಲಿ ಕೇಳಿದಿರಿ. ಬೇರೆ ಯಾರಿಗೂ ಅರ್ಥವಾಗದ ಹಾಗೆ, ನನಗೊಬ್ಬನಿಗೇ.

“ಶಂಕರ, ನೀ ಹೇಳಪ್ಪ. ಮಣ್ಣು ಸರಿಯಾಗಿತ್ತಾ?”

“ಮಣ್ಣು ಸಮ ಇತ್ತಣ್ಣ,” ಎಂದೆ.

ನೀವು ತಲೆಯಾಡಿಸಿದಿರಿ. ನನ್ನ ಮಾತು ನಂಬಿದಿರಿ. ನನ್ನನ್ನು ನಂಬಿದ್ದಕ್ಕೇ ನಿಮ್ಮ ಕೈಯನ್ನು ಅನುಮಾನಿಸಿದಿರಿ.

ಕಾರ್ತಿಯ ಮಂಡಿ ಮತ್ತೆ ಸರಿಯಾಗಲಿಲ್ಲ, ಬೈಕು ಓಡಿಸುವುದನ್ನೇ ನಿಲ್ಲಿಸಿದ. ಈಗ ಅವನೇ ಹೊಸಬರಿಗೆ ಕಲಿಸುತ್ತಾನೆ, ರೇಸನ್ನೂ ನಡೆಸುತ್ತಾನೆ, ಎಡಗಾಲು ಎಳೆದುಕೊಂಡು. ನಿಮಗೆ ಟ್ರ್ಯಾಕಿನ ಗೇಟು ಮುಚ್ಚಿತು. ನೀವು ಜಗಳ ಮಾಡಲಿಲ್ಲ. ಪಲ್ಲಾವರಂನಲ್ಲಿ ನೀರಿನ ಪಂಪು ರಿಪೇರಿ ಅಂಗಡಿ ಇಟ್ಟಿರಿ. ನನ್ನ ಟ್ಯಾಂಕರಿನ ಪಂಪು ಕೆಟ್ಟಾಗಲೆಲ್ಲ ನಿಮ್ಮ ಹತ್ತಿರವೇ ತಂದೆ. ಅದೇ ಟ್ಯಾಂಕರು, ಗೋವಿಂದಣ್ಣ. ಟ್ರ್ಯಾಕು ಹೇಗಿದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ನಾನು ಹೇಳಲಿಲ್ಲ. ನಿಮಗೆ ಕೆಲಸ ಕೊಡುತ್ತಿದ್ದೇನೆ, ಅಷ್ಟು ಸಾಕು ಎಂದುಕೊಂಡಿದ್ದೆ. ಸಾಕು! ಎಂಥ ಧೈರ್ಯ ನನಗೆ.

ಹೋದ ತಿಂಗಳು ಪಂಪು ತಂದಿದ್ದೆ. ನೀವು ನಾಲ್ಕು ಬೋಲ್ಟು ಬಿಗಿ ಮಾಡಿ ಕೈ ಒರೆಸಿಕೊಂಡಿರಿ. ನಾನು ಎತ್ತಲು ಹೋದೆ. “ತಡಿ” ಎಂದು ಮತ್ತೆ ನಾಲ್ಕನ್ನೂ ಬಿಗಿ ಮಾಡಿದಿರಿ. ಆಟೋದಲ್ಲಿ ಇಟ್ಟೆ. ಸ್ಪ್ಯಾನರ್ ಹಿಡಿದು ರಸ್ತೆಗೇ ಬಂದಿರಿ. “ಒಂದ್ ನಿಮಿಷ ಕಣಪ್ಪ, ಎರಡನೇದು ನೋಡಿದ್ನೋ ಇಲ್ವೋ.”

ಅತ್ತಿಗೆ ಒಳಗಿನಿಂದಲೇ ಕೂಗಿದರು. “ಬಿಡಿ ಶಂಕರ, ಅವರದ್ದು ಅದೇ ಕಥೆ. ಮನೆ ಬೀಗ ಎಳೆದೂ ಎಳೆದೂ ಬೀಗಾನೇ ಸಡಿಲ ಮಾಡಿಟ್ಟಿದಾರೆ. ಗ್ಯಾಸ್ ನೋಡಕ್ಕೆ ಬಸ್‌ಸ್ಟಾಪಿಂದ ವಾಪಸ್ ಬರ್ತಾರೆ!”

ಆಟೋದವನೂ ನಕ್ಕ. ನೀವೂ ನಕ್ಕಿರಿ. ಆಮೇಲೆ ಬೋಲ್ಟಿನ ಮೇಲೆ ಬಗ್ಗಿಕೊಂಡೇ ಮೆಲ್ಲಗೆ ಹೇಳಿದಿರಿ — “ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲಪ್ಪ. ಆ ಹುಡುಗನ ಕಾಲು ಕಣ್ಮುಂದೆ ಬರತ್ತೆ.”

ನಿಮ್ಮ ಟ್ರ್ಯಾಕು ಹೋಯಿತು, ಹೆಸರು ಹೋಯಿತು ಎಂದಷ್ಟೇ ನಾನು ಇಷ್ಟು ದಿನ ಎಣಿಸಿದ್ದೆ. ಮೆಕ್ಯಾನಿಕನ ಹತ್ತಿರ ಇರುವುದು ಕೈಯೊಂದೇ. ಅದನ್ನೇ ಕಿತ್ತುಕೊಂಡಿದ್ದೆ ಎಂದು ಗೊತ್ತಾದದ್ದು ಆ ಆಟೋದ ಪಕ್ಕ ನಿಂತಾಗ. ಆಗಲಾದರೂ ಹೇಳಬೇಕಿತ್ತು. ಆಟೋ ಹತ್ತಿ ಬಂದೆ.

ಈಗ ಓದುವವರಿಗೆ ಒಂದು ಮಾತು. ಪಾಪ, ಹೋಟೆಲಿನವನೆಂದು ಅವಮಾನ ಮಾಡಿದರು, ಅದಕ್ಕೆ ಹಾಗೆ ಮಾಡಿದ — ಎಂದು ನಿಮ್ಮಲ್ಲಿ ಯಾರಿಗಾದರೂ ಅನಿಸಿದ್ದರೆ, ಆ ಕನಿಕರವನ್ನು ವಾಪಸ್ ತೆಗೆದುಕೊಳ್ಳಿ. ನನಗೆ ಬೇಡ. ನಾನು ಒರೆಸಿದ ಮೇಜಿನ ಮೇಲೆ ಒಂದು ಅಗುಳು ಉಳಿಯುತ್ತಿರಲಿಲ್ಲ; ಆ ಕೆಲಸಕ್ಕೆ ನಾನು ಯಾವತ್ತೂ ನಾಚಿಲ್ಲ. ಮೈಕಿನವನು ಒಂದು ತಮಾಷೆ ಮಾಡಿದ, ಅಷ್ಟೇ. ವಾಲ್ವು ತೆರೆದದ್ದು ನನ್ನ ಕೈ. ಒಣಗಿದೆ ಎಂದದ್ದು ನನ್ನ ನಾಲಿಗೆ. ಕುಂಟೆ ಎಳೆದು ಮುಚ್ಚಿದ್ದು ನಾನು, ಪೂರ್ತಿ ಎಚ್ಚರದಲ್ಲಿ. ಹಳೇ ವಿಷಯ, ಈಗ ಏಕೆ ಕೆದಕುತ್ತೀರಿ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಮಣ್ಣು ಕೆದಕುವುದೇ ನನ್ನ ಕಸುಬು, ಅಂದೆ.

ಬರುವ ಭಾನುವಾರ ರೇಸಿದೆ, ಗೋವಿಂದಣ್ಣ. ಈ ಸಲವೂ ಕಾರ್ತಿ ನಿಮ್ಮ ವಿಷಯಕ್ಕೆ ಹೇಳಿದ: “ಯಾವ ಮೆಕ್ಯಾನಿಕ್ ಬಂದ್ರೂ ಸರಿ ಅಣ್ಣೇ, ಅವರೊಬ್ಬರು ಬೇಡ.” ಓಡಿಸುವವರೆಲ್ಲ ಗುಂಪಾಗಿ ನಿಂತಾಗ ನಾನು ಎಂದಿನಂತೆ ಮುಂದೆ ಹೋಗುತ್ತೇನೆ. ಮೊದಲು ಅವತ್ತಿನ ಮೂರನೇ ತಿರುವಿನ ಮಾತು ಹೇಳುತ್ತೇನೆ — ತಮಿಳಿನಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ, ಕಾರ್ತಿಯ ಮುಖ ನೋಡಿಕೊಂಡು. ಆ ಮೈಕು ಕೊಟ್ಟರೆ ಅದರಲ್ಲೂ ಹೇಳುತ್ತೇನೆ. ಟ್ಯಾಂಕರಿನ ಕೀ ಕಸಿದುಕೊಂಡರೆ ಕೊಟ್ಟು ಬರುತ್ತೇನೆ, ತಲೆ ತಗ್ಗಿಸದೆ. ಆದರೆ ಅದಕ್ಕೂ ಮೊದಲು, ಶನಿವಾರ ಬೆಳಿಗ್ಗೆ, ಈ ಹಾಳೆಗಳನ್ನು ಹಿಡಿದು ನಿಮ್ಮ ಅಂಗಡಿಗೆ ಬರುತ್ತೇನೆ. ಪಂಪು ತರುವುದಿಲ್ಲ. ಕಾಫಿ ಕೊಡಬೇಡಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನಿಮ್ಮ ಸ್ವಭಾವಕ್ಕೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಸುಲಭವಾಗುತ್ತದೆ.

ನೀವು ಬೈಯಿರಿ, ಹೊಡೆಯಿರಿ, ಗೇಟು ಹಾಕಿಕೊಳ್ಳಿ. ಒಂದು ಮಾತ್ರ ಮಾಡಿ. ಮುಂದಿನ ಸಲ ಯಾರದಾದರೂ ಬೋಲ್ಟನ್ನು ಒಂದೇ ಸಲ ಬಿಗಿ ಮಾಡಿ, ಸ್ಪ್ಯಾನರ್ ಕೆಳಗಿಡಿ, ಅಣ್ಣ. ಅವತ್ತಿನ ನಟ್ಟೂ ಬಿಗಿಯಾಗಿಯೇ ಇತ್ತು.