ನನ್ನ ಬಾಯಿಯ ಉಗುಳು

ಮಾಟ, ಮಂತ್ರ, ಹಾವಿನ ಸೇಡು, ಯಾವುದನ್ನೂ ನಂಬಿದವನಲ್ಲ ನಾನು. ಏಳನೇ ಇಯತ್ತೆಗೆ ಸಾಲಿ ಬಿಟ್ಟರೂ ಕುಸನೂರದಲ್ಲಿ ಸ್ವಂತ ದುಡಿಮೆಯ ಮನೆ ಕಟ್ಟಿದ್ದೀನಿ. ಹಾವು ಹಿಡಿಯೋದನ್ನೂ ಯಾರ ಹತ್ತಿರವೂ ಕಲಿತಿಲ್ಲ. ಆದರೂ ನಾಲ್ಕು ವರ್ಷದ ಹಿಂದಿನ ಆ ದಿನ ನೆನಪಾದರೆ ಇವತ್ತಿಗೂ ನನ್ನ ಬಾಯಿ ನನಗೇ ಹೇಸಿಗೆ ಅನ್ನಿಸ್ತದ.

ಹಾವಿನ ವಿಷದ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರ ಜೊತೆ ಕಮಲಾಪುರದ ಕೆಂಪು ಬಾಳೆ ತೋಟಕ್ಕೆ ಹೋಗಿದ್ದೆ. ಕೊಳಕುಮಂಡಲ ಸಿಕ್ಕಿತು. ದಪ್ಪ ಕೈಗವಸು ಹಾಕಿಕೊಂಡು ನಾನು ತಲೆ ಹಿಡಿದೆ, ಅವರು ಗಾಜಿನ ಬಟ್ಟಲಿಗೆ ವಿಷ ಇಳಿಸಿಕೊಂಡರು. ಹಳದಿ, ಅಂಟಂಟು, ನೆಗಡಿಯ ಸಿಂಬಳದ ಹಾಗೆ.

"ಇದೂ ಒಂದ್ ಕಾಲಕ್ಕ ಬರೇ ಉಗುಳೇ ಇತ್ರೀ," ಅಂದರು ಮೇಡಂ. ಮೈಯೊಳಗಿನ ಒಂದೊಂದು ಸರಕನ್ನೂ ಹೇಗೆ ಮಾಡಬೇಕು ಅಂತ ಜೀನಿನಲ್ಲಿ ಬರೆದಿರ್ತದಂತೆ. ಹಾವಿನ ಹಿರೀಕರಲ್ಲಿ ಜೊಲ್ಲಿನ ಒಂದು ಜೀನು ನಕಲಾಗಿ ಎರಡಾಯಿತಂತೆ. ಒಂದು ಹಳೇ ಕೆಲಸವನ್ನೇ ಹಿಡಿದುಕೊಂಡಿತು. ಇನ್ನೊಂದು ಕೋಟಿಗಟ್ಟಲೆ ವರ್ಷ ಬದಲಾಗುತ್ತಾ ಬದಲಾಗುತ್ತಾ ವಿಷ ಆಯಿತು. "ಅದರ ಅಣ್ತಮ್ಮ ನಿಮ್ಮ ಬಾಯಾಗೂ ಅದಾನ ನೋಡ್ರಿ."

"ನನ್ನ ಹೆಂಡ್ತಿಗಿ ಹೇಳಬ್ಯಾಡ್ರಿ ಮತ್ತ, ಮೊದಲೇ ನನ್ನ ಮಾತು ವಿಷ ಅಂತಾಳ," ಅಂತ ನಕ್ಕುಬಿಟ್ಟೆ.

ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದು ಸಂಜೆ ಮನೆಗೆ ಬಂದೆ. ಆರು ವರ್ಷದ ಮಗಳು ಓಣಿಯಲ್ಲಿ ಬಿದ್ದು ಮೊಣಕೈ ತರಚಿಕೊಂಡಿದ್ದಳು. "ಅಪ್ಪಾ, ಉಗುಳು ಹಚ್ಚು," ಅಂದಳು. ನಮ್ಮಲ್ಲಿ ಗಾಯಕ್ಕೆ ಮೊದಲ ಮದ್ದೇ ಅದು. ಹೆಬ್ಬೆರಳಿಗೆ ಉಗುಳಿ ಹಚ್ಚಿದೆ. ತೋಟದ ಬೇಲಿಯ ಮುಳ್ಳು ತಾಗಿ ನನ್ನ ಮುಂಗೈಗೂ ಗೀರಾಗಿತ್ತು, ಅದೇ ಬೆರಳಿನಿಂದ ಅದಕ್ಕೂ ಸವರಿಕೊಂಡೆ.

ಒಂದು ತಾಸಿನೊಳಗೆ ಅವಳ ಕೈ ಬಾತು ನೀಲಿಯಾಯಿತು, ಒಸಡಿನಿಂದ ರಕ್ತ ಬಂತು. ದವಾಖಾನೆಯಲ್ಲಿ ಡಾಕ್ಟರು ಅವಳ ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ನೋಡಿದರು. ಹೆಪ್ಪುಗಟ್ಟಲೇ ಇಲ್ಲ.

"ಮಂಡಲದ ವಿಷ ಇದು. ಎಲ್ಲಿ ಕಡದದ್ರೀ?"

ಮೈಯೆಲ್ಲಾ ಹುಡುಕಿದರು, ಹಲ್ಲಿನ ಗುರುತಿಲ್ಲ. ವಿಷಕ್ಕೆ ಕೊಡುವ ಔಷಧಿಯನ್ನೇ ಏರಿಸಿದರು. ಮೂರನೇ ದಿನ ಎದ್ದು ಕುಳಿತಳು. ನನ್ನ ಗೀರು ಅಷ್ಟರಲ್ಲಿ ತಾನೇ ಒಣಗಿ ಹೋಗಿತ್ತು.

ಮೇಡಂ ನನ್ನ ಉಗುಳು ಒಯ್ದು ಪರೀಕ್ಷೆ ಮಾಡಿಸಿದರು. "ಬರೇ ಉಗುಳದ್ರೀ," ಅಂದರು. ಹಾಗಾದರೆ ಬೆರಳಿಗೆ ವಿಷ ಹತ್ತಿತ್ತೋ ಏನೋ ಅಂದೆ. "ಅದೇ ಬೆರಳು ನಿಮ್ಮ ಗೀರಿಗೂ ಹಚ್ಚೀರಲ್ಲ, ವಿಷ ಹತ್ತಿದ್ರ ನಿಮ್ಮನ್ನ ಸುಮ್ನ ಬಿಡ್ತಿತ್ತೇನ್ರೀ?" ಅಂದರು.

ಈಗ ಹಲ್ಲುಜ್ಜುವಾಗ ಬಚ್ಚಲಿಗೆ ಬೀಳುವ ನೊರೆಯ ಮೇಲೆ ಕೂಡಲೇ ಚೆಂಬು ನೀರು ಹೊಯ್ದುಬಿಡ್ತೀನಿ. ಮಗಳು ತಾನು ಕಚ್ಚಿದ ರೊಟ್ಟಿ ನನ್ನ ತಟ್ಟೆಗೆ ಹಾಕ್ತಾಳ, ತಿಂತೀನಿ. ನನ್ನ ಎಂಜಲಿಗೆ ಅವಳು ಕೈ ಚಾಚಿದರೆ ಮಾತ್ರ ತಟ್ಟೆ ಹಿಂದಕ್ಕೆ ಎಳ್ಕೋತೀನಿ.

"ಯಾಕಪ್ಪಾ?" ಅಂತಾಳ.

ಬುಟ್ಟಿಯೊಳಗಿನ ಬೇರೆ ರೊಟ್ಟಿ ತೆಗೆದು ಅವಳ ಕೈಗಿಡ್ತೀನಿ.