ಒಂದೇ ಮುಖ

ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಪೀರಾಂಬಿಯ ಕಣ್ಣಿಗೆ ಸರಿಸಾಟಿ ಇರಲಿಲ್ಲ. ಇಡೀ ರಾಶಿಯಲ್ಲಿ ಒಂದೇ ಒಂದು ಕರಿಕಾಳಿದ್ದರೂ ಅವಳ ಬೆರಳು ಮೊದಲು ಅಲ್ಲಿಗೇ ಹೋಗುತ್ತಿತ್ತು. ಹದಿನೆಂಟು ವರ್ಷ ಆರಿಸಿ ಆರಿಸಿ ಪಳಗಿದ ಕಣ್ಣು, ಮನೆಗೆ ಬಂದ ಮೇಲಾದರೂ ಸುಮ್ಮನಿರಬೇಕಲ್ಲ! ಗಂಡ ಲಾರಿ ಬಡಿದು ಸತ್ತ ಮೇಲಂತೂ ಎದೆ ಸದಾ ಢವಢವ. ನೂರು ಜನ ನಗುತ್ತಿದ್ದರೂ ಮುಖ ಗಂಟಿಕ್ಕಿದ ಒಬ್ಬರೇ ಅವಳಿಗೆ ಕಾಣುತ್ತಿದ್ದರು.

ಮಗ ಸಲ್ಮಾನನಿಗೆ ಬಬಲೇಶ್ವರದ ಸುರೈಯಾಳನ್ನು ನೋಡಲು ಹೋದ ದಿನವೂ ಹಾಗೇ ಆಯಿತು. ಹುಡುಗ ಹುಡುಗಿ ಒಪ್ಪಿದ್ದರು. ಮನೆತುಂಬ ನಗು, ಶರಬತ್ತು. ಪೀರಾಂಬಿ ಕಂಡದ್ದು ಮಾತ್ರ ಮೂಲೆಯ ಮಂಚದ ಮೇಲೆ ಕೂತಿದ್ದ ಹುಡುಗಿಯ ಅಜ್ಜಿ ಸಕೀನಾಳನ್ನು. ಸೊಟ್ಟ ಬಾಯಿ, ಕಿರಿದಾದ ಒಂದು ಕಣ್ಣು, ಇವಳ ಮೇಲೇ ನೆಟ್ಟ ನೋಟ. ಈ ಮುದುಕಿಗೆ ನಾವು ಬೇಡ, ನಾಳೆ ನನ್ನ ಮಗನ ಬಾಳು ಹಾಳು ಎಂದು ಎದೆ ಹೊಡೆದುಕೊಂಡಿತು.

ವಾರದೊಳಗೆ ಅವಳು ಎರಡು ಸುಳ್ಳು ಹೇಳಿದಳು. ಬಬಲೇಶ್ವರಕ್ಕೆ ಫೋನು ಮಾಡಿ, "ಹುಡುಗ ಬ್ಯಾಡ ಅಂತಾನ್ರಿ" ಎಂದಳು. ಮಗನಿಗೆ, "ಅವರಿಗೇ ಮನಸಿಲ್ಲಪಾ" ಎಂದಳು. ಸಲ್ಮಾನ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ಸುರೈಯಾ ಆ ವರ್ಷವೇ ಕಳ್ಳಕವಟಗಿ ಊರಿನ ಸೊಸೆಯಾದಳು.

ಮೊನ್ನೆ ಪೀರಾಂಬಿ ಎದೆಬಡಿತ ತೋರಿಸಲು ವಿಜಯಪುರದ ಜಲನಗರದ ಆಸ್ಪತ್ರೆಗೆ ಹೋದಳು. ಡಾಕ್ಟರು ಎಲ್ಲ ಕೇಳಿ, "ಎದಿ ಗಟ್ಟಿ ಐತ್ರಿ. ಚಿಂತಿ ಭಾಳ ಆದ್ರ ಮಿದುಳು ಮೊದಲ ಅಪಾಯನ ಹುಡುಕತೈತಿ. ಉಳಿದದ್ದು ಕಣ್ಣ ಮುಂದಿದ್ದರೂ ಕಾಣಂಗಿಲ್ಲ" ಎಂದರು. ಹೊರಗೆ ಬಂದರೆ ಬೆಂಚಿನ ಮೇಲೆ ಸಕೀನಾ! ಇವಳನ್ನು ನೋಡಿದ್ದೇ ತಡ, ಅದೇ ಸೊಟ್ಟ ಬಾಯಿ, ಅದೇ ಕಿರಿಗಣ್ಣು. ಆದರೆ ಮುದುಕಿ ಇವಳ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.

"ಕೂಡು ಬೇ. ಲಕ್ವಾ ಹೊಡದಾಗಿಂದ ನಾ ನಕ್ಕರ ಮಂದಿಗೆ ಸಿಟ್ಟ ಬಂದಂಗ ಕಾಣತೈತಿ. ಅವತ್ತ ನಿನ್ನ ನೋಡಿ ಎಷ್ಟ ನಕ್ಕಿದ್ದೆ! ನಮ್ಮ ಹುಡುಗಿಗೆ ಇಂಥಾ ಅತ್ತಿ ಸಿಗಲಿ ಅಂತ ದುವಾ ಮಾಡಿದ್ದೆ. ನಿನ್ನ ಮಗಗ ಆಕಿ ಯಾಕ ಬ್ಯಾಡಾದಳು?"

ಪೀರಾಂಬಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಪಾಪ ಮಾಡಿದ್ದು ತಾನು, ಹೆಸರು ಕೆಟ್ಟದ್ದು ಮಗನದು. ಕೈ ಬಿಡಿಸಿಕೊಂಡು ಎದ್ದು ಬಸ್ಸು ಹಿಡಿದಳು.

ಸಂಜೆ ಸಲ್ಮಾನ ತಾನೇ ಚಹಾ ಮಾಡಿ ತಂದಿಟ್ಟು, "ಡಾಕ್ಟರು ಏನಂದ್ರಬೇ?" ಎಂದು ಕೇಳಿದ.

"ಯಪ್ಪಾ, ಬಬಲೇಶ್ವರದವರು ಬ್ಯಾಡ ಅಂದಿರಲಿಲ್ಲ. ನಾನ ತಪ್ಪಿಸಿದೆ."

ಸಲ್ಮಾನ ತಲೆಯೆತ್ತಿ ತಾಯಿಯನ್ನು ನೋಡಿದ. ಆ ಮುಖದಲ್ಲಿ ಸಿಟ್ಟಿತ್ತು. ಈ ಸಲ ಅವಳ ಕಣ್ಣು ತಪ್ಪಿರಲಿಲ್ಲ.