ಏಳದವರನ್ನು ಎಬ್ಬಿಸುವ ಸುವಾರ್ತವ್ವ

ಪುಣೆಯ ಹಡಪಸರ ದಾಟಿ, ಸೋಲಾಪುರ ರಸ್ತೆಯಿಂದ ಒಳಗೆ ಸರಿದರೆ, ಎಚ್ಚರ ಮರಳದ ರೋಗಿಗಳನ್ನು ನೋಡಿಕೊಳ್ಳುವ ಒಂದು ಹಳೆಯ ಮನೆ. ಬೆಳಗಿನ ಮಬ್ಬಿನಲ್ಲಿ ಅದರ ಉದ್ದನೆಯ ಕೋಣೆಯೊಳಗೆ ಹನ್ನೆರಡು ಜನ ಕಣ್ಣು ತೆರೆದು ಮಲಗಿದ್ದಾರೆ. ಆ ಕಣ್ಣುಗಳು ಏನನ್ನೂ ನೋಡುತ್ತಿಲ್ಲ. ಒಬ್ಬರು ಆಕಳಿಸುತ್ತಾರೆ. ಮೂಲೆಯ ಹಾಸಿಗೆಯ ಹೆಂಗಸಿನ ತುಟಿಯ ಮೇಲೆ ಕಾರಣವಿಲ್ಲದ ನಗುವೊಂದು ಬಂದು ಹೋಗುತ್ತದೆ. ಹೊಸಬರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಸುವಾರ್ತವ್ವ ಪರದೆ ಸರಿಸುತ್ತಾರೆ. ಒಬ್ಬೊಬ್ಬರ ಹೆಸರು ಹಿಡಿದು, ಬೆಳಗಾಯಿತೆಂದು ಮರಾಠಿಯಲ್ಲಿ ಹೇಳುತ್ತಾರೆ. ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುತ್ತಾರೆ, ಕಣ್ಣಿಗೆ ಹನಿ ಹಾಕುತ್ತಾರೆ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಾರೆ. ಕಿಟಕಿಯ ಬಳಿಯ ಹಾಸಿಗೆಗೆ ಬಂದಾಗ ಮಾತು ಕನ್ನಡಕ್ಕೆ ತಿರುಗುತ್ತದೆ. "ಏಳ್ರಿ, ಬೆಳಗಾತು." ಅಲ್ಲಿ ಮಲಗಿರುವವರು ಅವರ ಗಂಡ ಅವ್ವಣ್ಣ.

ಬೆಟಗೇರಿಯ ಕ್ರೈಸ್ತ ಕುಟುಂಬ ಇವರದು. ಕಟ್ಟಡಗಳಿಗೆ ಬಣ್ಣ ಬಳಿಯಲು ಪುಣೆಗೆ ಬಂದ ಅವ್ವಣ್ಣ ಆರು ವರ್ಷಗಳ ಹಿಂದೆ ಮೂರನೇ ಅಂತಸ್ತಿನಿಂದ ಬಿದ್ದರು. ಜೀವ ಉಳಿಯಿತು, ಎಚ್ಚರ ಮರಳಲಿಲ್ಲ. ಗಂಡನನ್ನು ನೋಡಿಕೊಳ್ಳಲು ಬಂದ ಸುವಾರ್ತವ್ವನ ಕೈಗುಣ ಕಂಡು ಇಲ್ಲಿಯವರೇ ಅವರನ್ನು ಆಯಾ ಆಗಿ ಇಟ್ಟುಕೊಂಡರು. ಈಗ ಇಲ್ಲಿ ಎಲ್ಲರಿಗೂ ಅವರು 'ಮಾವಶಿ', ಅಂದರೆ ಚಿಕ್ಕಮ್ಮ.

"ಡಾಕ್ಟರ್ ಕೈ ಬಿಟ್ಟಿದ್ರು. ನಾ ದೇವರ ಕೈ ಹಿಡಕೊಂಡಿದ್ದೆ. ದಿನಾ ಕೂಗಿ ಎಬ್ಬಸೋದು, ಆಮ್ಯಾಲೆ ಪ್ರಾರ್ಥನಿ ಮಾಡೋದು. ಇಂದ ಏಳ್ತಾರ, ನಾಳೆ ಏಳ್ತಾರ ಅಂತ," ಎನ್ನುತ್ತಾರೆ ಅವರು.

ಈ ನಡುವೆ ಪಕ್ಕದ ಹಾಸಿಗೆಗೆ ಇಂದಾಪುರದ ನಿತಿನ ಬಂದ. ಕಬ್ಬಿನ ಲಾರಿ ಓಡಿಸುತ್ತಿದ್ದವನು. ಲಾರಿ ಮಗುಚಿ ತಲೆಗೆ ಪೆಟ್ಟಾಗಿತ್ತು. ಅವನೂ ಅವ್ವಣ್ಣನಂತೆಯೇ ಸೂರು ನೋಡುತ್ತ ಮಲಗಿದ.

ಹೋದ ಮಳೆಗಾಲದ ಒಂದು ಮುಂಜಾನೆ ಸುವಾರ್ತವ್ವ ಎಂದಿನಂತೆ ಗಂಡನನ್ನು ಕೂಗಿದರು. ಬೆನ್ನ ಹಿಂದಿನಿಂದ, ಅವರದೇ ರಾಗದಲ್ಲಿ, ಒಡೆದ ಗಂಡಸು ದನಿಯೊಂದು ಹೇಳಿತು: "ಏಳ್ರಿ, ಬೆಳಗಾತು."

ತಿರುಗಿದರೆ ನಿತಿನನ ಕಣ್ಣು ಅವರ ಮೇಲಿತ್ತು. ಅವನು ಕನ್ನಡದ ಒಂದಕ್ಷರವನ್ನೂ ಕಲಿತವನಲ್ಲ.

ನರ್ಸ್ ಓಡಿ ಬಂದಳು. ಮನೆಯೆಲ್ಲ ಸಂಭ್ರಮ. ಸುವಾರ್ತವ್ವ ಮಾತ್ರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

"ಖುಷಿ ಆಗಬೇಕಿತ್ರಿ. ಆಗಲಿಲ್ಲ. ಇಷ್ಟು ವರ್ಷ ಕೂಗಿದಾಕಿ ನಾನು. ದೇವರು ಹಾಸಿಗಿ ತಪ್ಪ್ಯಾನ ಅನಸ್ತು."

ಅಂದಿನಿಂದ ಪ್ರಾರ್ಥನೆ ನಿಂತಿತು. ಚರ್ಚಿನ ಭಾನುವಾರದ ಕನ್ನಡ ಆರಾಧನೆಗೂ ಹೋಗಲಿಲ್ಲ; ವಿಚಾರಿಸಲು ಬಂದ ಪಾದ್ರಿ ಅಯ್ಯನವರನ್ನು ಕೆಲಸವಿದೆ ಎಂದು ಹೇಳಿ ಕಳಿಸಿದರು. ಗಂಡನಿಗೆ ನಳಿಕೆಯಲ್ಲಿ ಗಂಜಿ ಹಾಕಿದರು, ಮೈ ಒರೆಸಿದರು. ಕೂಗಲಿಲ್ಲ.

ಕೆಲವು ವಾರಗಳಾದ ಮೇಲೆ, ದಿಂಬಿಗೆ ಒರಗಿ ಕೂರುವಷ್ಟು ಚೇತರಿಸಿಕೊಂಡ ನಿತಿನ ಮರಾಠಿಯಲ್ಲಿ ಕೇಳಿದ: "ಮಾವಶಿ, ಕಾಕಾನ ಯಾಕೆ ಕೂಗೋದಿಲ್ಲ?"

"ಕೂಗಿದರೆ ಅವರೇನು ಓಗೊಡುತ್ತಾರಾ?"

ಅವನು ಬೆರಗಾಗಿ ನೋಡಿದ. "ಕೊಡ್ತಿದ್ದರಲ್ಲ! ನೀವು ಕೂಗಿದ ಕೂಡಲೇ, ದಿನಾ. ನಿಮಗೆ ಕೇಳಿಸ್ತಿರಲಿಲ್ವಾ?"

ಏನನ್ನುತ್ತಿದ್ದರು ಎಂದು ಕೇಳಿದರು ಸುವಾರ್ತವ್ವ. ನಿತಿನ ಗೊತ್ತಿಲ್ಲದ ಭಾಷೆಯನ್ನು ತಡವರಿಸುತ್ತ ಹೇಳಿದ: "ಬಂದ್ನಿ, ತಡಿ." ಆಮೇಲೆ ಕೇಳಿದ, "ಹಾಗಂದ್ರೆ ಏನು ಮಾವಶಿ?"

"ಆಲೋ, ಥಾಂಬ್," ಎಂದು ಮರಾಠಿಯಲ್ಲಿ ಅರ್ಥ ಹೇಳಿದರು ಸುವಾರ್ತವ್ವ. ಹೇಳುತ್ತಲೇ ಗಂಡನ ಕಡೆ ತಿರುಗಿದರು.

"ಊರಾಗ ಅವರು ಏಣಿ ಮ್ಯಾಲೆ ಇರತಿದ್ರು. ನಾ ಉಣ್ಣಾಕ ಕರದ್ರ ಹಿಂಗ ಅಂತಿದ್ರು. ಈ ಮಾತು ಇಲ್ಲಿ ಯಾರ ಮುಂದೂ ಆಡಿಲ್ರಿ ನಾ."

ನೀವೇ ಎಂದಾದರೂ ಗೊಣಗಿರಬೇಕು, ಅದು ಅವನ ಕಿವಿಗೆ ಬಿದ್ದಿರಬೇಕು ಎಂದರು ವೈದ್ಯರು. ಇರಬಹುದು ಎಂದರು ಸುವಾರ್ತವ್ವ, ವಾದಕ್ಕೆ ನಿಲ್ಲಲಿಲ್ಲ. ಮರುದಿನ ಮುಂಜಾನೆ ಗಂಡನ ಕಿವಿಯ ಬಳಿ ಬಾಗಿ ಮತ್ತೆ ಕೂಗಿದರು. ಹೊರಗೆ ಮಳೆ ಸುರಿಯುತ್ತಿತ್ತು. ಅವ್ವಣ್ಣನ ತುಟಿ ಅಲುಗಲಿಲ್ಲ. ಆ ಭಾನುವಾರ ಸುವಾರ್ತವ್ವ ಆರಾಧನೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು.

ನಿತಿನ ಕೋಲು ಹಿಡಿದು ಊರಿಗೆ ಹೋಗಿದ್ದಾನೆ. ಅವ್ವಣ್ಣ ಮಲಗಿಯೇ ಇದ್ದಾರೆ. ಕಿಟಕಿಯಿಂದ ಬಿಸಿಲು ಬಂದು ಅವರ ತೆರೆದ ಕಣ್ಣಿನೊಳಗೆ ಬೀಳುತ್ತದೆ, ರೆಪ್ಪೆ ಬಡಿಯುವುದಿಲ್ಲ. ಆ ಮುಖವನ್ನು ಹೆಚ್ಚು ಹೊತ್ತು ನೋಡಲಾಗದೆ ನಾನು ಸುವಾರ್ತವ್ವನ ಕಡೆ ತಿರುಗಿ, ಈಗ ದೇವರ ಹತ್ತಿರ ಏನು ಕೇಳುತ್ತೀರಿ ಎನ್ನುತ್ತೇನೆ.

ಅವರು ಬಟ್ಟೆ ಹಿಂಡಿ ಗಂಡನ ಪಾದ ಒರೆಸುತ್ತಾರೆ.

"ಅವರಕಿಂತ ಮೊದಲ ನನ್ನ ಕರಕೋಬ್ಯಾಡಪಾ ಅಂತ ಕೇಳ್ತೀನ್ರಿ. ಅಷ್ಟು ದೂರದಿಂದ ಬರಾಕತ್ಯಾರ. ಬಂದಾಗ ನಾ ಇಲ್ಲಂದ್ರ ಹೆಂಗ?"